ಅಟ್ಟದ ಮೇಲೆ ಒಣಹಾಕಿದ ಮನುಷ್ಯ

ನನ್ನನ್ನು ಅಟ್ಟಕ್ಕೆ ಹತ್ತಿಸಲು ನಾಲ್ಕು ಜನ ಬೇಕಾಯಿತು. ಇಬ್ಬರು ಕಂಕುಳಿಗೆ ಕೈ ಹಾಕಿ ಮೇಲಿನಿಂದ ಎಳೆದರು, ಒಬ್ಬ ಕೆಳಗಿನಿಂದ ನೂಕಿದ, ಇನ್ನೊಬ್ಬ ಏಣಿ ಅಲುಗದಂತೆ ಹಿಡಿದಿದ್ದ. ನೂಕುತ್ತಿದ್ದವನ ಮೂತಿಗೆ ಒದ್ದೆ. ಎಳೆಯುತ್ತಿದ್ದ ಅಣ್ಣನ ಮುಂಗೈಗೆ ಬಾಯಿ ಹಾಕಿದೆ. ನಾಲಿಗೆಗೆ ರಕ್ತದ ರುಚಿ ಹತ್ತಿದರೂ ಹಲ್ಲು ಬಿಡಲಿಲ್ಲ. ಅವನು ನನ್ನ ಕಪಾಳಕ್ಕೆ ಬಾರಿಸಿದ, ಒಂದಲ್ಲ, ಸಾಲಾಗಿ. ಆಮೇಲೆ ತೆಂಗಿನ ನಾರಿನ ಹಗ್ಗದಿಂದ ನನ್ನ ಕಾಲು ಕಟ್ಟಿ, ಏಣಿ ತೆಗೆದು, ಕೆಳಗಿನ ಬಾಗಿಲಿಗೆ ಬೀಗ ಹಾಕಿದರು. ಅಷ್ಟೆಲ್ಲ ಮಾಡಿದ್ದು ನನ್ನ ಒಳ್ಳೆಯದಕ್ಕೆ.

ವ್ಯಂಗ್ಯಕ್ಕೆ ಹೇಳುತ್ತಿಲ್ಲ. ನನ್ನ ಮನೆಯವರು ನಿಜವಾಗಿಯೂ ನನ್ನನ್ನು ಉಳಿಸಿಕೊಳ್ಳಲು ಹೊರಟಿದ್ದರು. ಇದನ್ನು ಓದುವ ನಿಮ್ಮ ಮನೆಯಲ್ಲೂ ನನ್ನಂಥ ಒಬ್ಬನಿರಬಹುದು, ಇಲ್ಲವೇ ಆ ಒಬ್ಬ ನೀವೇ ಇರಬಹುದು. ಯಾರಾದರೂ ಸರಿ, ಮೊದಲೇ ಹೇಳಿಬಿಡುತ್ತೇನೆ, ನಾನು ಉಪದೇಶ ಮಾಡುವವನಲ್ಲ. ಉಪದೇಶ ಕೇಳಿದರೆ ನನಗೆ ಇವತ್ತಿಗೂ ಮೈಯುರಿಯುತ್ತದೆ. ಯಾರಾದರೂ ಬಲಕ್ಕೆ ಹೋಗು ಎಂದರೆ, ಎಡಕ್ಕೆ ಹಳ್ಳವಿದ್ದರೂ ಎಡಕ್ಕೇ ಹೋಗುವ ಪೈಕಿ ನಾನು. ಹಾಗೆ ಹುಟ್ಟಿದವನು ಕುಡಿತ ಬಿಟ್ಟಿದ್ದು ಹೇಗೆ ಎನ್ನುವುದಷ್ಟೇ ಇಲ್ಲಿದೆ.

ನನ್ನ ಹೆಸರು ನಾಗರಾಜು. ದಂಡಿನಶಿವರಕ್ಕೆ ಹತ್ತಿರದ ಒಂದು ಊರಿನಲ್ಲಿ ಅಣ್ಣ ತಿಮ್ಮಣ್ಣನದೂ ನನ್ನದೂ ಒಂದೇ ತೋಟ, ಅಕ್ಕಪಕ್ಕದ ಎರಡು ಮನೆ, ನಡುವೆ ಕೊಬ್ಬರಿ ಕೊಟ್ಟಿಗೆ. ಅಣ್ಣ ತೋಟ ನೋಡುತ್ತಾನೆ, ಕೊಬ್ಬರಿ ಕೆಲಸ ನನ್ನದು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಕೊಟ್ಟಿಗೆಯ ಅಟ್ಟದ ಮೇಲೆ ಹರಡಿ, ವರ್ಷದ ಹತ್ತಿರ ಹಾಗೇ ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಗಿಟುಕು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಣಗಿದೆಯೋ ಇನ್ನೂ ಹಸಿಯೋ ಎಂದು ನನಗೆ ತಿಳಿಯುತ್ತದೆ. ಆಮೇಲೆ ಸುಲಿದು, ಮಚ್ಚಿನಿಂದ ಚಿಪ್ಪು ಬಿಡಿಸಿ, ಗಿಟುಕಿಗೆ ಗಾಯವಾಗದಂತೆ ಇಡಿಯಾಗಿ ತೆಗೆಯಬೇಕು. ಬೆಳಿಗ್ಗೆ ಒಂದು ಪ್ಯಾಕೆಟ್ ವಿಸ್ಕಿ ಒಳಗೆ ಹೋಗದಿದ್ದರೆ ನನ್ನ ಕೈ ಆ ಮಚ್ಚನ್ನು ಹಿಡಿಯುತ್ತಿರಲಿಲ್ಲ. ಕೆಲಸ ಮಾಡಲು ಕುಡಿಯುವುದು, ಕೆಲಸ ಮುಗಿಯಿತೆಂದು ಕುಡಿಯುವುದು, ಹೀಗೆ ವರ್ಷಗಳು ಕಳೆದಿದ್ದವು.

ಬಿಡಿಸಲು ಅವರು ಏನೂ ಕಡಿಮೆ ಮಾಡಿರಲಿಲ್ಲ. ಮೊದಲು ದೇವರ ಮುಂದೆ ಆಣೆ ಹಾಕಿಸಿದರು. ಅದರಿಂದ ದೇವರಿಗೂ ನನಗೂ ಮನಸ್ತಾಪವಾಯಿತೇ ಹೊರತು ಬೇರೇನೂ ಆಗಲಿಲ್ಲ. ಆಮೇಲೆ ದೂರದ ಒಂದು ಊರಿನಲ್ಲಿ, ಬೋರ್ಡು ಕೂಡ ಇಲ್ಲದ ಒಂದು ಮನೆಗೆ ಸೇರಿಸಿದರು. ಕುಡಿತ ಬಿಡಿಸುತ್ತೇವೆ ಎನ್ನುವವರು ಅಲ್ಲಿ ಮಾಡುತ್ತಿದ್ದದ್ದು ಹೊಡೆಯುವ ಕೆಲಸ ಒಂದನ್ನೇ. ಪೈಪಿನಿಂದ ಅಂಗಾಲಿಗೆ ಬಿಗಿದು, ಇನ್ನು ಕುಡಿಯಲ್ಲ ಅನ್ನು ಎನ್ನುತ್ತಿದ್ದರು. ಅನ್ನುತ್ತಿದ್ದೆ. ಜೋರಾಗಿ ಅನ್ನು ಎನ್ನುತ್ತಿದ್ದರು. ಜೋರಾಗಿ ಅನ್ನುತ್ತಿದ್ದೆ. ಅಲ್ಲಿಂದ ಬಿಡಿಸಿಕೊಂಡು ಬಂದ ದಿನ, ತಿಪಟೂರಿನಲ್ಲಿ ಬಸ್ಸಿಳಿದವನು ಊರಿನ ಬಸ್ಸು ಹತ್ತುವ ಮೊದಲೇ ಕುಡಿದೆ. ಆಸೆಗಲ್ಲ, ಸೇಡಿಗೆ.

ಅದಾದ ಮೇಲಿನ ಪ್ರಯತ್ನ ನನ್ನ ಹೆಂಡತಿ ರತ್ನಳದು. ಯಾರೋ ಹೇಳಿದರೆಂದು ಒಂದು ಮಾತ್ರೆಯನ್ನು ನನಗೆ ಗೊತ್ತಾಗದಂತೆ ಅರೆದು ಸಾರಿಗೆ ಹಾಕಿದಳು. ಅದರ ಮೇಲೆ ಕುಡಿದೆ ನೋಡಿ, ಮುಖ ಕೆಂಡವಾಯಿತು, ಎದೆ ಕಿತ್ತು ಬರುವಂತೆ ಬಡಿದುಕೊಂಡಿತು, ರಸ್ತೆಯಲ್ಲೇ ವಾಂತಿ ಮಾಡಿಕೊಂಡು ಬಿದ್ದೆ. ಬದುಕಿ ಮನೆಗೆ ಬಂದವನು, ನನಗೆ ವಿಷ ಹಾಕಿದ್ದೀಯಾ ಎಂದು ಅಡುಗೆಮನೆಯಲ್ಲಿ ಒಡೆಯುವಂಥದ್ದು ಏನೇನಿತ್ತೋ ಅದನ್ನೆಲ್ಲ ಅಂಗಳಕ್ಕೆ ಎಸೆದು ಒಡೆದೆ. ಅವಳು ಅಳಲಿಲ್ಲ. ಪೊರಕೆ ತಂದು ಚೂರುಗಳನ್ನು ಗುಡಿಸಿದಳು.

ಅಟ್ಟದ ಯೋಚನೆ ಅಣ್ಣನದು. ಅವನು ರತ್ನಳಿಗೆ ಹೇಳಿದ್ದು ಪಕ್ಕದ ಕೋಣೆಯಲ್ಲಿ ಬಿದ್ದಿದ್ದ ನನಗೂ ಕೇಳಿಸಿತು.

"ಒಣಗೋದು ಅಂದ್ರೇನಮ್ಮ? ಒಂದ್ಕಡೆ ಹಾಕಿ ಅಲ್ಲಾಡಿಸ್ದೆ ಸುಮ್ಕೆ ಬುಟ್ಬುಡೋದು. ಒಳಗಿರೋ ನೀರು ತಾನೇ ಇಂಗ್ತದೆ. ಕಾಯಿಗಾದ್ರೆ ವರ್ಷ ಬೇಕು, ಇವ್ನಿಗೆ ಒಂದು ವಾರ ಸಾಕು. ಹತ್ರ ಹೋಗ್ಬ್ಯಾಡ, ಮಾತಾಡಿಸ್ಬ್ಯಾಡ."

"ಜೀವಕ್ಕೇನೂ ಆಗಾಕಿಲ್ವಾ ಭಾವ?"

"ಕುಡುದ್ರೆ ಸಾಯ್ತಾರೆ ಕಣಮ್ಮ. ಕುಡೀದೆ ಯಾರಾನಾ ಸತ್ತವ್ರಾ?"

ಜೀವಮಾನವೆಲ್ಲ ಕಾಯಿ ಒಣಗಿಸಿದವರಿಗೆ ಇದಕ್ಕಿಂತ ಸರಿಯಾದ ಮಾತು ಇನ್ನೊಂದಿರಲಿಲ್ಲ. ರತ್ನ ಒಪ್ಪಿದಳು. ನನ್ನನ್ನು ಕೇಳಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆನೇನೋ. ಸತ್ತುಹೋಗಬಹುದು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೊದಲ ದಿನವೆಲ್ಲ ಬೈದೆ. ನಮ್ಮ ಸೀಮೆಯ ಬೈಗುಳಗಳು ಮುಗಿದ ಮೇಲೆ ಹೊಸದಾಗಿ ಕಟ್ಟಿ ಬೈದೆ. ಮೈಯೆಲ್ಲ ಬೆವರು, ಹಲ್ಲು ಕಟಕಟ, ನೀರು ಕುಡಿದರೂ ವಾಂತಿ. ರತ್ನ ಏಣಿ ಇಟ್ಟು ಹತ್ತಿ, ಅಟ್ಟದ ಅಂಚಿನಲ್ಲಿ ಮುದ್ದೆಯ ತಟ್ಟೆಯನ್ನೂ ನೀರಿನ ಚೊಂಬನ್ನೂ ಇಟ್ಟು, ಮಾತಿಲ್ಲದೆ ಇಳಿದು ಹೋಗುತ್ತಿದ್ದಳು. ಮಾತಾಡಿಸಬೇಡ ಎಂದು ಅಣ್ಣ ಹೇಳಿದ್ದನಲ್ಲ. ಒಂದು ಸಲ ತಟ್ಟೆಯನ್ನು ಅವಳ ತಲೆಗೇ ಎಸೆದೆ. ಕೈ ನಡುಗುತ್ತಿದ್ದದ್ದರಿಂದ ಗುರಿ ತಪ್ಪಿತು.

ಮಾರನೆಯ ದಿನಕ್ಕೋ ಅದರ ಮಾರನೆಯ ದಿನಕ್ಕೋ ಕಾಯಿಗಳು ಮಾತಾಡತೊಡಗಿದವು. ನಗಬೇಡಿ. ನನ್ನ ಸುತ್ತ ಸಾವಿರಾರು ಕಾಯಿ, ಯಾರೂ ಅಲ್ಲಾಡಿಸದೆಯೇ ಒಳಗೊಳಗೆ ಗಡಗಡ ಅನ್ನುತ್ತಿದ್ದವು. ಆ ಗಡಗಡದೊಳಗೆ ಮಾತು ಕೇಳಿಸಿತು, ಅದೂ ರತ್ನಳ ದನಿಯಲ್ಲಿ. "ಒಣಗವ್ನೆ, ಸುಲೀರಿ. ಒಣಗವ್ನೆ, ಸುಲೀರಿ." ಕೆಳಗೆ ಮಚ್ಚು ಮಸೆಯುವ ಸದ್ದು. ಸಿಪ್ಪೆಯ ಸಂದಿಗಳಿಂದ ಕೆಂಪು ಹುಳುಗಳು ಹೊರಟು ನನ್ನ ಕಾಲು ಹತ್ತಿದವು. ಕಾಲಿಗೆ ಕಟ್ಟಿದ್ದ ಹಗ್ಗ ಹಾವಾಗಿ ಬಿಗಿಯತೊಡಗಿತು. ಅದನ್ನು ಕಚ್ಚಿ ಕಚ್ಚಿ ಬಿಡಿಸಿದೆ, ವಸಡು ಕಿತ್ತು ರಕ್ತ ಸುರಿಯಿತು. ಭಯ ಎಂದರೆ ಏನೆಂದು ನನಗೆ ಗೊತ್ತು ಎಂದುಕೊಂಡಿದ್ದೆ. ಗೊತ್ತಿರಲಿಲ್ಲ. ಅಂಥ ಭಯವನ್ನು ನಾನು ಯಾವ ಶತ್ರುವಿಗೂ ಬಯಸುವುದಿಲ್ಲ, ಅಂಗಾಲಿಗೆ ಹೊಡೆದವರಿಗೂ.

ಮುಂದಿನದನ್ನು ನನಗೆ ಅಣ್ಣ ಹೇಳಿದ್ದು. ಮಧ್ಯಾಹ್ನದ ಹೊತ್ತಿನಲ್ಲಿ ಅಟ್ಟದ ಮೇಲೆ ದಬದಬ ಸದ್ದಾಯಿತಂತೆ. ನನಗೆ ಫಿಟ್ಸ್ ಬಂದು ಕೈಕಾಲು ಬಡಿಯುತ್ತಿದ್ದದ್ದು ಅದು. ರತ್ನ ಬೀಗ ತೆಗೆದು ಒಳಗೆ ಓಡಿದಳು. ಅಷ್ಟರಲ್ಲಿ ನನಗೆ ಎಚ್ಚರವಾಗಿತ್ತು, ಅದನ್ನು ಎಚ್ಚರ ಎನ್ನುವುದಾದರೆ. ನನ್ನನ್ನು ಸುಲಿಯಲು ಬಂದರು ಎಂದು ಕಿರುಚುತ್ತಾ ಅಟ್ಟದ ಅಡಿಕೆ ದಬ್ಬೆಗಳನ್ನು ಒದ್ದು ಒದ್ದು ಮುರಿದೆ. ಹಳೆಯ ದಬ್ಬೆಗಳು ಲಟಲಟನೆ ಮುರಿದು, ರಾಶಿ ಕಾಯಿಯ ಜೊತೆ ನಾನೂ ಅವಳ ಮೇಲೆ ಬಿದ್ದೆ. ಅವಳ ಹೆಗಲ ಮೂಳೆ ಮುರಿಯಿತು, ಬಲಗೈ ಮುರಿಯಿತು. ಮುರಿದು ಬಿದ್ದವಳ ಮೇಲೆ ಕೂತು ನಾನು ಅವಳ ಕುತ್ತಿಗೆ ಹಿಸುಕಿದೆ. ಅದೊಂದು ಮಾತ್ರ ನನಗೇ ನೆನಪಿದೆ. ಅವಳ ಗಂಟಲು ನನ್ನ ಹೆಬ್ಬೆರಳ ಅಡಿಯಲ್ಲಿ ಮೇಲೆ ಕೆಳಗೆ ಆಡುತ್ತಿತ್ತು. ಆ ಗಡಗಡ ಸದ್ದು ಅಲ್ಲಿಂದಲೇ ಬರುತ್ತಿದೆ, ಅದನ್ನು ನಿಲ್ಲಿಸಬೇಕು ಎಂದಷ್ಟೇ ಅನ್ನಿಸುತ್ತಿತ್ತು. ಹಿಂದೆಯೇ ಓಡಿ ಬಂದ ಅಣ್ಣ ಮೂಲೆಯಲ್ಲಿದ್ದ ತೆಂಗಿನ ಹೆಡೆಮಟ್ಟೆಯನ್ನು ಎತ್ತಿ ನನ್ನ ತಲೆಗೆ ಬೀಸಿದ. ಆ ಏಟು ಬೀಳದಿದ್ದರೆ ಇವತ್ತು ನಾನು ಜೈಲಿನಲ್ಲಿರುತ್ತಿದ್ದೆ, ರತ್ನ ಮಣ್ಣಿನಲ್ಲಿ.

ತಿಪಟೂರಿನ ಆಸ್ಪತ್ರೆಗೆ ಇಬ್ಬರನ್ನೂ ಒಂದೇ ಲಗೇಜ್ ಆಟೋದಲ್ಲಿ ಒಯ್ದರಂತೆ, ಅವಳನ್ನು ಮಲಗಿಸಿ, ನನ್ನನ್ನು ಕಟ್ಟಿ. ಜ್ಞಾನ ಬಂದಾಗ ನನ್ನ ಕೈಕಾಲುಗಳನ್ನು ಬಟ್ಟೆಯಿಂದ ಮಂಚದ ಕಂಬಿಗೆ ಬಿಗಿದಿದ್ದರು. ಪಕ್ಕದ ಮಂಚದವರು ತಮ್ಮ ಮಂಚವನ್ನು ಎಳೆದು ದೂರ ಮಾಡಿಕೊಂಡಿದ್ದರು. ಡಾಕ್ಟರು ಅಣ್ಣನಿಗೆ ಬೈಯುತ್ತಿದ್ದರು. ವರ್ಷಗಟ್ಟಲೆ ದಿನಾ ಕುಡಿದವನಿಗೆ ಒಂದೇ ಸಲ ನಿಲ್ಲಿಸಿದರೆ ಜೀವಕ್ಕೇ ಬರುತ್ತದೆ, ನಿಲ್ಲಿಸಬೇಕಾದದ್ದು ಆಸ್ಪತ್ರೆಯಲ್ಲಿ, ಔಷಧಿ ಕೊಟ್ಟು, ಇದಕ್ಕೆ ಅಟ್ಟ ಯಾಕೆ ಬೇಕಿತ್ತು ಎಂದು. ಅಣ್ಣ, ನಾನು ಕಚ್ಚಿದ ಗಾಯವಿದ್ದ ಕೈಯಿಂದಲೇ ಹಣೆ ಹಣೆ ಚಚ್ಚಿಕೊಂಡ.

"ಒಣಗ್ಲಿ ಅಂತ ಹಾಕ್ದೆ ಸಾರ್. ಸಾಯ್ಲಿ ಅಂತ ಹಾಕ್ಲಿಲ್ಲ."

ಅವನು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಮರುಕ ಬರಲಿಲ್ಲ, ಖುಷಿಯಾಯಿತು. ಅಷ್ಟು ಕೆಟ್ಟಿದ್ದೆ.

ಆ ವಾರ್ಡಿನಲ್ಲಿ ಒಬ್ಬ ಆಯಾ ಇದ್ದಳು. ನನ್ನ ಕೈ ಲೋಟ ಹಿಡಿಯುವಂತಿರಲಿಲ್ಲ, ಹಿಡಿದರೆ ಕಾಫಿಯೆಲ್ಲ ಎದೆಯ ಮೇಲೆ. ಅವಳು ಲೋಟವನ್ನು ನನ್ನ ತುಟಿಗೆ ಹಿಡಿದು, ನಾನು ಕುಡಿದು ಮುಗಿಸುವವರೆಗೂ ಕಿಟಕಿಯ ಕಡೆ ನೋಡುತ್ತಿದ್ದಳು, ನನ್ನ ನಡುಕ ತನಗೆ ಕಾಣಿಸಲೇ ಇಲ್ಲ ಎನ್ನುವ ಹಾಗೆ. ಅಷ್ಟು ಮರ್ಯಾದೆಯನ್ನು ಬಹಳ ದಿನದಿಂದ ಯಾರೂ ನನಗೆ ಕೊಟ್ಟಿರಲಿಲ್ಲ. ನಾನೂ ಯಾರಿಗೂ ಕೊಟ್ಟಿರಲಿಲ್ಲ ಬಿಡಿ.

ರತ್ನ ಎಲ್ಲಿ ಎಂದು ಕೇಳಿದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಸತ್ತಿದ್ದಾಳೆ, ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ. ಕಟ್ಟು ಬಿಚ್ಚಿದ ದಿನ, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೆಂಗಸರ ವಾರ್ಡಿಗೆ ಹೋದೆ. ಹೊರಗಿನ ಬೆಂಚಿನ ಮೇಲೆ ಕೂರು, ಕರೆಯುತ್ತೇವೆ ಎಂದರು. ಬೆಂಚಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಎದುರಿನ ಗೋಡೆಗೆ ಒರಗಿ ನಿಂತರು. ಹೆಂಡತಿಯ ಕತ್ತು ಹಿಸುಕಿದವನು ಇವನೇ ಎಂದು ಆಸ್ಪತ್ರೆಗೆಲ್ಲ ಗೊತ್ತಾಗಿತ್ತು. ಅಷ್ಟುದ್ದದ ಬೆಂಚಿನಲ್ಲಿ ನಾನೊಬ್ಬನೇ ಕೂತು, ಅವಳು ಬದುಕಿದ್ದರೆ ಸಾಕು, ಅವಳು ಬದುಕಿದ್ದರೆ ಸಾಕು ಎಂದುಕೊಳ್ಳುತ್ತಿದ್ದೆ. ಕಾಯುವುದು ಅಂದರೆ ಏನು ಎನ್ನುವುದು ನನಗೆ ಅಲ್ಲಿ ತಿಳಿಯಿತು. ಅವಳು ಎಷ್ಟು ರಾತ್ರಿ ಹಾಗೆ ನನಗೆ ಕಾದಿದ್ದಳೋ.

ಒಳಗೆ ಬಿಟ್ಟಾಗ ಮೊದಲು ಕಂಡದ್ದು ಅವಳ ಕತ್ತು. ನನ್ನ ಬೆರಳುಗಳೆಲ್ಲ ಅಲ್ಲಿ ನೀಲಿಯಾಗಿ ಕೂತಿದ್ದವು.

"ಅದು ನಾನಲ್ಲ ಕಣೇ," ಎಂದೆ. "ಕಾಯ್ಲೆ. ಡಾಕ್ಟ್ರೇ ಹೇಳವ್ರೆ, ಕೇಳು ಬೇಕಾರೆ."

"ಕಾಯ್ಲೆ ನಿಂದಿರ್ಬೋದು," ಎಂದಳು ರತ್ನ, ಕಣ್ಣು ತೆರೆಯದೆ. "ಮೂಳೆ ನಂದು."

ಮದುವೆಯಾದಾಗಿನಿಂದ ಅವಳು ನನಗೆ ಬಹುವಚನ ಬಿಟ್ಟು ಮಾತಾಡಿದವಳಲ್ಲ. ನನಗೆ ಅದಕ್ಕೂ ಸಿಟ್ಟು ಬಂತು. ಎರಡು ದಿನ ಕಳೆದ ಮೇಲೆ ಅವಳ ತಮ್ಮ ಲೋಕೇಶ ಬಂದು ಅವಳನ್ನು ಸೀದಾ ಸಂಪಿಗೆ ಊರಿನ ತನ್ನ ಮನೆಗೆ ಕರೆದುಕೊಂಡು ಹೋದ. ಏಣಿಯ ಬುಡದಲ್ಲಿ ನಿಂತು ನನ್ನನ್ನು ನೂಕಿದವನು, ಮೂತಿಗೆ ಒದೆಸಿಕೊಂಡವನು ಈ ಲೋಕೇಶನೇ.

ನನ್ನನ್ನು ಇನ್ನೂ ಕೆಲವು ದಿನ ಇಟ್ಟುಕೊಂಡರು. ಕೌನ್ಸೆಲರ್ ಹತ್ತಿರ ಮಾತಾಡಬೇಕು ಎಂದರು. ಅವರ ಹೆಸರು ಸಬೀಹಾ ಮೇಡಂ. ಚಿಕ್ಕ ಕೋಣೆ, ಒಂದು ಮೇಜು, ಎರಡು ಕುರ್ಚಿ, ತಿರುಗುವಾಗ ಕಿರ್ರೆನ್ನುವ ಫ್ಯಾನು. ಇನ್ನೊಂದು ಉಪದೇಶ ಶುರುವಾಯಿತು ಎಂದು ಹಲ್ಲು ಕಚ್ಚಿಕೊಂಡು ಕೂತೆ.

"ಕುಡಿಯೋದ್ರಿಂದ ನಿಮಗೆ ಏನೇನು ಒಳ್ಳೇದಾಗಿದೆ, ಹೇಳಿ," ಎಂದರು.

"ತಮಾಷೆ ಮಾಡ್ತೀರಾ?"

"ಇಲ್ಲಪ್ಪ. ಒಳ್ಳೇದೇನೂ ಇಲ್ದೆ ಯಾರೂ ಇಷ್ಟು ವರ್ಷ ಒಂದು ಕೆಲಸ ಮಾಡಲ್ಲ."

ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಹೇಳಿದೆ. ಕೈ ನಿಲ್ಲುತ್ತದೆ ಎಂದೆ. ತಲೆಯೊಳಗಿನ ಗಲಾಟೆ ನಿಲ್ಲುತ್ತದೆ ಎಂದೆ. ಅಣ್ಣನ ಮುಂದೆ ನಾನೂ ಒಬ್ಬ ಗಂಡಸು ಅನ್ನಿಸುತ್ತದೆ ಎಂದೆ. ಅವರು ಮೂಗು ಮುರಿಯದೆ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, ಬಿಡಬೇಕು ಅಂತ ನಿಮಗೆ ಎಷ್ಟು ಅನ್ನಿಸುತ್ತದೆ, ಸೊನ್ನೆಯಿಂದ ಹತ್ತರೊಳಗೆ ಒಂದು ಸಂಖ್ಯೆ ಹೇಳಿ ಎಂದರು.

"ಎರಡು" ಎಂದೆ, ರೇಗಿಸಬೇಕೆಂದೇ. ಅವರು ಬೈಯಲಿ, ಮೇಜು ಮಗುಚಿ ಎದ್ದು ಹೋಗೋಣ ಎಂದು ಕಾಯುತ್ತಿದ್ದೆ.

"ಎರಡಾ? ಸೊನ್ನೆ ಯಾಕಲ್ಲ?"

ಆ ಪ್ರಶ್ನೆಗೆ ನನ್ನ ಹತ್ತಿರ ಬೈಗುಳ ಇರಲಿಲ್ಲ. ಹತ್ತು ಯಾಕಲ್ಲ ಎಂದು ಕೇಳಿದ್ದರೆ ಕುಡಿತದ ಪರವಾಗಿ ಸಂಜೆಯವರೆಗೆ ವಾದ ಮಾಡುತ್ತಿದ್ದೆ. ಸೊನ್ನೆ ಯಾಕಲ್ಲ ಎಂದರೆ, ಬಿಡುವುದರ ಪರವಾಗಿ ನಾನೇ ಬಾಯಿ ತೆರೆಯಬೇಕು. ಕಿರ್ರೆನ್ನುವ ಫ್ಯಾನನ್ನು ನೋಡುತ್ತಾ ಕೂತೆ. ಅವರು ಗಡಿಯಾರ ನೋಡಲಿಲ್ಲ. ಕೊನೆಗೆ ನನ್ನ ಬಾಯಿಂದ ಬಂದದ್ದು ದೇವರ ಹೆಸರಲ್ಲ, ಹೆಂಡತಿಯ ಹೆಸರೂ ಅಲ್ಲ.

"ನನ್ನ ಕಿವಿ ನಂಗೇ ಸುಳ್ಳು ಹೇಳ್ತು ಮೇಡಂ. ನಾನು ಕಿವೀಲಿ ಬದುಕೋನು. ಕಾಯಿ ಅಲ್ಲಾಡ್ಸಿ ಒಳಗೇನೈತೆ ಅಂತ ಹೇಳೋನು. ಆ ಕಿವೀಲೇ ನನ್ನ ಹೆಂಡ್ರು ನನ್ನ ಸುಲೀರಿ ಅಂದಂಗೆ ಕೇಳಿಸ್ತು. ನಾನದನ್ನ ನಂಬ್ದೆ. ಇನ್ನೊಂದ್ಸಲ ಹಂಗೆ ಕೇಳಿಸ್ಬಾರ್ದು."

"ಇನ್ನೊಂದು ಸಲ ಹಾಗೆ ಕೇಳಿಸಬಾರದು," ಎಂದು ಅವರು ನನ್ನ ಮಾತನ್ನೇ ನನಗೆ ಹೇಳಿದರು. ಬೇರೆಯವರ ಮಾತಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ನನ್ನದೇ ಮಾತಿನ ಜೊತೆ ಜಗಳವಾಡುವುದು ಹೇಗೆ ಎಂದು ತಿಳಿಯದೆ ಎದ್ದು ಬಂದೆ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ನೀವು ಅಂದುಕೊಂಡರೆ, ನಾನೂ ಹಾಗೇ ಅಂದುಕೊಂಡಿದ್ದೆ. ಮನೆಗೆ ಬಂದು, ಒಂದು ತಿಂಗಳು ಒಂದು ಹನಿ ಮುಟ್ಟದೆ ಇದ್ದು, ಬಿಳಿ ಷರ್ಟು ಹಾಕಿಕೊಂಡು ಸಂಪಿಗೆಗೆ ಹೋದೆ. ಬಹುಮಾನ ತೆಗೆದುಕೊಳ್ಳಲು ಹೊರಟವನ ಗತ್ತು. ಶ್ರೀನಿವಾಸ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಲೋಕೇಶನ ಮನೆ. ರತ್ನ ಕೈಗೆ ಜೋಲಿ ಕಟ್ಟಿಕೊಂಡು ಜಗುಲಿಯಲ್ಲಿ ಕೂತಿದ್ದಳು.

"ಬುಟ್ಟಿದ್ದೀನಿ ಕಣೇ. ನಡಿ ಮನೆಗೆ."

"ಬರಾಕಿಲ್ಲ."

"ಬುಟ್ಟಿದ್ದೀನಿ ಅಂತ ಹೇಳ್ತಿಲ್ವಾ? ನೀ ಬರ್ದಿದ್ರೆ ಕುಡ್ದು ಸಾಯ್ತೀನಿ ನೋಡು. ಆ ಪಾಪ ನಿಂಗೇ."

ಅವಳು ಎದ್ದು ಒಳಗೆ ಹೋದಳು. ಲೋಕೇಶ ಹೊರಗೆ ಬಂದ. "ಸಾಯ್ ಹೋಗ್ಲಾ. ಸಾಯಾಕೆ ಆಗ್ದಿದ್ರೆ ಹೇಳು, ನಾನೇ ಮುಗಿಸ್ತೀನಿ," ಎಂದು ನನ್ನ ಎದೆಗೆ ಕೈಯಿಟ್ಟು ನೂಕಿದ. ನಾನು ಅವನ ಬಾಯಿಗೆ ಗುದ್ದಿದೆ. ಅವನ ಮುಂದಿನ ಹಲ್ಲು ಮುರಿದು ಚೂರು ನನ್ನ ಬೆರಳ ಗೆಣ್ಣಿಗೆ ನಾಟಿತು. ಅವನು ಸೌದೆ ರಾಶಿಯಿಂದ ಒಂದು ತುಂಡು ಎಳೆದು ಬೆನ್ನು, ಸೊಂಟ, ಮೊಣಕಾಲು ಎನ್ನದೆ ನನ್ನನ್ನು ಬಡಿದ. ಬಿದ್ದಲ್ಲಿಂದಲೇ ಅವನ ಕಾಲು ಎಳೆದು ಬೀಳಿಸಿದೆ. ಇಬ್ಬರೂ ಚರಂಡಿಯ ಪಕ್ಕದಲ್ಲಿ ಹೊರಳಾಡಿ, ಬೀದಿಯವರು ಬಂದು ಬಿಡಿಸುವ ಹೊತ್ತಿಗೆ ಬಿಳಿ ಷರ್ಟು ಕೆಸರು ಮತ್ತು ರಕ್ತ. ತಲೆ ಎತ್ತಿದರೆ ಕಿಟಕಿಯಲ್ಲಿ ರತ್ನ. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಕುಡಿಯದ ನನ್ನಲ್ಲಿ ಅವಳಿಗೆ ಬೇರೆ ಯಾರೂ ಕಾಣಿಸಲಿಲ್ಲ.

ಅಲ್ಲಿಂದ ತುರುವೇಕೆರೆಗೆ ಹೋಗಿ ಕುಡಿದೆ. ಹೇಳಿದ ಮಾತು ಉಳಿಸಿಕೊಂಡೆ ಎನ್ನುವ ಹೆಮ್ಮೆ ಬೇರೆ. ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿದ್ದವನನ್ನು ಅಣ್ಣ ಬಂದು ಎತ್ತಿಕೊಂಡು ಹೋದ. ಈ ಸಲ ಅವನು ಏಣಿ ತರಲಿಲ್ಲ, ಹಗ್ಗ ತರಲಿಲ್ಲ, ಹೊಡೆಯಲೂ ಇಲ್ಲ. ಆಸ್ಪತ್ರೆಗೆ ಫೋನ್ ಮಾಡಿ, ಕುಡಿದುಬಿಟ್ಟಿದ್ದಾನೆ, ನಾನೇನು ಮಾಡಲಿ ಹೇಳಿ ಎಂದು ಕೇಳಿದ.

ಸಬೀಹಾ ಮೇಡಂ ಮುಂದೆ ತಲೆ ತಗ್ಗಿಸಿ ಕೂತೆ. ಯಾಕೆ ಕುಡಿದೆ ಎಂದು ಕೇಳುತ್ತಾರೆ, ರತ್ನಳಿಂದ ಎಂದು ಹೇಳಬೇಕು ಎಂದು ಉತ್ತರ ಸಿದ್ಧ ಮಾಡಿಕೊಂಡಿದ್ದೆ.

"ಒಂದು ತಿಂಗಳು ಕುಡೀದೆ ಹೇಗೆ ಇದ್ರಿ?" ಎಂದು ಕೇಳಿದರು.

ಅದನ್ನು ನಾನೇ ಯೋಚಿಸಿರಲಿಲ್ಲ. ಬೆಳಿಗ್ಗೆ ಬೇಗ ತೋಟಕ್ಕೆ ಹೋಗುತ್ತಿದ್ದದ್ದು, ಅಂಗಡಿ ಸಾಲು ಬಿಟ್ಟು ಕೆರೆ ದಾರಿಯಲ್ಲಿ ಸುತ್ತಿ ಬರುತ್ತಿದ್ದದ್ದು, ಬಾಯಿಗೆ ಸದಾ ಕೊಬ್ಬರಿ ಚೂರು ಹಾಕಿಕೊಳ್ಳುತ್ತಿದ್ದದ್ದು, ಎಲ್ಲ ಹೇಳಿದೆ. ಹೇಳುವಾಗ ನನಗೇ ಸ್ವಲ್ಪ ಹೆಮ್ಮೆಯಾಯಿತು. ಆಗ ಅವರು ಮೆಲ್ಲಗೆ ಕೇಳಿದರು, ಆವತ್ತು ರತ್ನಾ ಅವರು ನಿಮ್ಮ ಜೊತೆ ಹೊರಟು ಬಂದಿದ್ದರೆ ಏನಾಗುತ್ತಿತ್ತು ಎಂದು.

ಬಿಟ್ಟೇ ಬಿಡುತ್ತಿದ್ದೆ ಎನ್ನಲು ಬಾಯಿ ತೆರೆದೆ. ಅದು ಸುಳ್ಳು. ಬಂದಿದ್ದರೆ, ಸಾರಿಗೆ ಉಪ್ಪು ಕಡಿಮೆಯಾದ ದಿನ ಕುಡಿಯುತ್ತಿದ್ದೆ. ಅವಳು ಮುಖ ಗಂಟಿಕ್ಕಿದ ದಿನ ಕುಡಿಯುತ್ತಿದ್ದೆ. ಕುಡಿದು, ನಿನ್ನಿಂದಲೇ ಎನ್ನುತ್ತಿದ್ದೆ. ನನ್ನ ಅಂಗಾಲಿಗೆ ಹೊಡೆದು ತಮಗೆ ಬೇಕಾದ ಮಾತು ಹೇಳಿಸಿದವರು ಮಾಡಿದ್ದನ್ನೇ ನಾನು ಅವಳಿಗೆ ಮಾಡಲು ಹೋಗಿದ್ದೆ, ಪೈಪಿನ ಬದಲು ನನ್ನ ಸಾವನ್ನು ಹಿಡಿದುಕೊಂಡು. ಇದು ಹೊಳೆದಾಗ ಅಳು ಬರಲಿಲ್ಲ. ಸಿಟ್ಟು ಬಂತು, ನನ್ನ ಮೇಲೆ. ಮೇಜಿನ ಅಂಚನ್ನು ಬೆರಳು ಬೆಳ್ಳಗಾಗುವವರೆಗೆ ಹಿಡಿದುಕೊಂಡೆ. ಮೇಡಂ ನನ್ನ ಕೈಯನ್ನೇ ನೋಡುತ್ತಿದ್ದರು, ಆದರೆ ಎದ್ದು ಹೋಗಲಿಲ್ಲ.

ಮತ್ತೆ ಶುರು ಮಾಡಿದೆ, ಈ ಸಲ ಆಸ್ಪತ್ರೆಯಿಂದ. ಬಿಟ್ಟವನು ಸಾಧುವಾಗುತ್ತಾನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ತಿಂಗಳುಗಳಲ್ಲಿ ನನ್ನ ಕೈಗೆ ಸಿಕ್ಕಿದ್ದನ್ನೆಲ್ಲ ಮುರಿಯಬೇಕು ಅನ್ನಿಸುತ್ತಿತ್ತು. ಕೊಬ್ಬರಿ ಕೊಟ್ಟಿಗೆಯಲ್ಲಿ ಕೂತರೆ ಕೈ ನಡುಗಿ ಮಚ್ಚಿನ ಏಟು ಚಿಪ್ಪು ದಾಟಿ ಗಿಟುಕಿಗೆ ಬೀಳುತ್ತಿತ್ತು. ಒಂದು ದಿನ ಸಾಲಾಗಿ ಗಿಟುಕುಗಳು ಸೀಳಿಹೋದಾಗ ಮಚ್ಚನ್ನು ಬೀಸಿ ಬಾಗಿಲಿಗೆ ಎಸೆದೆ. ಅಣ್ಣ ಒಳಗೆ ಬರಲು ಕಾಲಿಡುತ್ತಿದ್ದ. ಮಚ್ಚು ಅವನ ತಲೆಯ ಪಕ್ಕದಲ್ಲೇ ಹಲಗೆಗೆ ಕಚ್ಚಿಕೊಂಡಿತು. ಅವನು ಬೆವರು ಒರೆಸಿಕೊಂಡು ಮಚ್ಚನ್ನು ಕಿತ್ತು ತಂದು ನನ್ನ ಮುಂದೆ ಇಟ್ಟ.

"ಕುಡೀಬೇಕು ಅನ್ಸ್ತಾ ಐತೇನ್ಲಾ?"

"ಹೂಂ ಕಣಣ್ಣ."

"ಹಂಗಾರೆ ಮಚ್ಚು ಹಿಡಿ, ಹೊಡಿ. ಕಾಯಿ ಇನ್ನೂ ಬೇಕಾದಷ್ಟವೆ," ಎಂದು ನನ್ನ ಎದುರು ಕೂತು ಸುಲಿಯತೊಡಗಿದ. ಅವನು ಕೊಟ್ಟ ಉಪದೇಶ ಅಷ್ಟೇ. ಅದು ನನಗೆ ಹಿಡಿಸಿತು.

ವಾರಕ್ಕೊಂದು ಸಲ ಆಸ್ಪತ್ರೆಯಲ್ಲಿ ನನ್ನಂಥವರು ಸೇರುತ್ತಿದ್ದೆವು, ಅಮ್ಮಸಂದ್ರದ ಕಡೆಯವರು, ಹುಳಿಯಾರಿನ ಕಡೆಯ ಕುರಿ ಸಾಕುವವರು. ಬಿದ್ದದ್ದು, ಒದೆಸಿಕೊಂಡದ್ದು ಎಲ್ಲ ಹೇಳಿಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನನ್ನ ಅಟ್ಟದ ಕಥೆಗೆ ಯಾರೂ ಬೆಚ್ಚಲಿಲ್ಲ. ಒಬ್ಬನನ್ನು ಅವನ ಮನೆಯವರು ಕುರಿ ರೊಪ್ಪದಲ್ಲಿ ಕಟ್ಟಿಹಾಕಿದ್ದರಂತೆ. ನಕ್ಕು ನಕ್ಕು ಸುಮ್ಮನಾದ ಮೇಲೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆ ಸುಮ್ಮನಿರುವಿಕೆ ನನಗೆ ಔಷಧಿಗಿಂತ ಹೆಚ್ಚಿನದು ಮಾಡಿತು.

ಹೀಗೇ ಒಂದು ಬೆಳಿಗ್ಗೆ ಅಟ್ಟದಿಂದ ಒಂದು ಕಾಯಿ ಇಳಿಸಿ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಗಡಗಡ ಅಂದಿತು. ಗಡಗಡ ಅಷ್ಟೇ ಅಂದಿತು. ಅಲ್ಲೇ ಕೂತು ಅತ್ತೆ.

ಸಂಪಿಗೆಗೆ ಮತ್ತೆ ಹೋಗಲಿಲ್ಲ. ಹೋಗಬೇಕು ಅನ್ನಿಸಿದಾಗಲೆಲ್ಲ, ಹೋಗಿ ಏನು ಕೇಳುತ್ತೀಯ ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರ ಪ್ರತಿ ಸಲವೂ ಕೇಳುವ ಮಾತೇ ಆಗಿರುತ್ತಿತ್ತು, ಕೊಡುವ ಮಾತು ಒಂದೂ ಇರುತ್ತಿರಲಿಲ್ಲ. ವರ್ಷ ಕಳೆಯಿತು. ಅವಳಿಲ್ಲದ ಮನೆಯಲ್ಲಿ ಮುದ್ದೆ ತೊಳಸಲು ಕಲಿತೆ. ಅವಳನ್ನು ನೆನೆಯದ ದಿನವಿರಲಿಲ್ಲ.

ರತ್ನ ಬಂದದ್ದು ಹೋದ ಬೇಸಿಗೆಯಲ್ಲಿ. ನನಗಾಗಿ ಅಲ್ಲ, ತನ್ನ ಹೊಲಿಗೆ ಮಿಷನ್ನಿಗಾಗಿ. ಮೂಳೆ ಕೂಡಿಕೊಂಡಿತ್ತು. ತುರುವೇಕೆರೆಯಲ್ಲಿ ಬೇರೆ ಮನೆ ಮಾಡಿ ಬ್ಲೌಸ್ ಹೊಲಿಯುವ ಯೋಚನೆಯಂತೆ. ಲಗೇಜ್ ಆಟೋ ಅಂಗಳದಲ್ಲಿ ನಿಂತಿತು. ಅಣ್ಣ ಓಡಿ ಬಂದು ಬಾಗಿಲಲ್ಲಿ ನಿಂತ, ನಾನು ಏನಾದರೂ ಮಾಡಿಬಿಟ್ಟರೆ ಎಂದು. ನನಗೂ ಅದೇ ಭಯ. ಒಳಗಿದ್ದದ್ದೆಲ್ಲ ಎದ್ದು ನಿಂತಿತ್ತು. ಅಡ್ಡ ನಿಲ್ಲು, ಮಿಷನ್ ಎತ್ತಿ ಕಲ್ಲಿಗೆ ಅಪ್ಪಳಿಸು, ಅವಳ ಜುಟ್ಟು ಹಿಡಿ ಎನ್ನುತ್ತಿತ್ತು. ಇದು ಕಾಯಿಲೆಯ ದನಿಯಲ್ಲ, ನನ್ನದೇ. ಎರಡೂ ಕೈ ಮುಷ್ಟಿಯಾಗಿದ್ದವು. ಮುಷ್ಟಿ ಬಿಚ್ಚಿ, ಕೈಗಳನ್ನು ಮಿಷನ್ನಿನ ಅಡಿಗೆ ಹಾಕಿ ಎತ್ತಿ, ಆಟೋಗೆ ಏರಿಸಿ, ಉರುಳದಂತೆ ಕಟ್ಟಿದೆ.

ಅವಳು ಎಲ್ಲವನ್ನೂ ನೋಡುತ್ತಾ ನಿಂತಿದ್ದಳು.

"ಕುಡೀತಿಲ್ವಾ?"

"ಇಲ್ಲ."

"ನಾನು ಇನ್ಮ್ಯಾಕೆ ಬರಾದೇ ಇಲ್ಲ ಅಂದ್ರೆ? ಕುಡೀತೀಯಾ?"

ಅವಳಿಗೆ ಯಾವ ಉತ್ತರ ಬೇಕಾಗಿದೆ ಎಂದು ಅವಳ ಮುಖದಲ್ಲಿ ಹುಡುಕಿದೆ. ತಿಳಿಯಲಿಲ್ಲ. ಅದಕ್ಕೇ ನಿಜ ಹೇಳಿದೆ.

"ಇಲ್ಲ ಕಣೇ. ನೀ ಬಂದ್ರೂ ಕುಡಿಯಾಕಿಲ್ಲ, ಬರ್ದಿದ್ರೂ ಕುಡಿಯಾಕಿಲ್ಲ. ಅದು ನಂದು. ನಿನ್ನ ತಲೆ ಮ್ಯಾಲೆ ಹಾಕಾಕಿಲ್ಲ."

ಹೇಳಿ ಮುಗಿಸಿದ ಮೇಲೆ ಹೊಳೆಯಿತು, ಅವಳನ್ನು ಹಿಡಿದಿಡಲು ನನ್ನ ಕೈಯಲ್ಲಿ ಉಳಿದಿದ್ದ ಕೊನೆಯದನ್ನೂ ಬಿಟ್ಟುಕೊಟ್ಟೆ ಎಂದು. ರತ್ನ ಆಟೋದ ಮುಂದಿನ ಸೀಟಿಗೆ ಒಂದು ಕಾಲು ಇಟ್ಟಳು. ಇಟ್ಟವಳು ಹಾಗೇ ನಿಂತಳು, ಅಣ್ಣ ಉಸಿರು ಬಿಡದೆ ನೋಡುವಷ್ಟು ಹೊತ್ತು. ಆಮೇಲೆ ಕಾಲು ತೆಗೆದು ಡ್ರೈವರನಿಗೆ ಹೇಳಿದಳು.

"ಮಿಷನ್ನ ಇಳ್ಸಪ್ಪ."

ನಾನು ಗಂಟು ಬಿಚ್ಚಲು ಹೋದೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ, ಮೂಳೆ ಕೂಡಿದ ಕೈಯಿಂದ ತಾನೇ ಬಿಚ್ಚಿದಳು.

"ಇವತ್ತಿಗೆ ಇಳಿಸ್ತಾ ಇರಾದು," ಎಂದಳು, ನನ್ನ ಮುಖ ನೋಡದೆ. "ನಾಳೆದು ನಾಳೆ ನೋಡ್ಕೋತೀನಿ."